ಗಂಟಲಲ್ಲಿ ಕಡಲೆಬೀಜ, ಬಚ್ಚಲಲ್ಲಿ ಬಿಸಿನೀರು: ಎಳೆಯ ಮಕ್ಕಳಿರುವ ಮನೆಗೆ ಪ್ರಥಮ ಚಿಕಿತ್ಸೆ

ಮಗುವಿಗೆ ಏನಾದರೂ ಆಯಿತೆಂದರೆ ಮನೆಯವರ ತಲೆಗಿಂತ ಮೊದಲು ಕೈ ಓಡುತ್ತದೆ. ಒಬ್ಬರು ಬಾಯಿಗೆ ಬೆರಳು ಹಾಕುತ್ತಾರೆ, ಇನ್ನೊಬ್ಬರು ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಮೆತ್ತುತ್ತಾರೆ. ಫಿಟ್ಸ್ ಬಂದ ಮಗುವಿನ ಮುಷ್ಟಿಗೆ ಬೀಗದ ಕೈ ತುರುಕುವವರಿದ್ದಾರೆ, ಸೀಮೆಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರಿದ್ದಾರೆ. ಎಲ್ಲವೂ ಪ್ರೀತಿಯಿಂದ, ಗಾಬರಿಯಿಂದ ಆಗುವ ಕೆಲಸಗಳೇ. ಆದರೆ ಇವುಗಳಲ್ಲಿ ಒಂದರಿಂದಲೂ ಮಗುವಿಗೆ ಉಪಯೋಗವಿಲ್ಲ. ಕೆಲವಂತೂ ಮೊದಲ ಅಪಾಯಕ್ಕಿಂತ ದೊಡ್ಡ ಅಪಾಯವನ್ನು ತಂದಿಡುತ್ತವೆ.

ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ಇಪ್ಪತ್ತು ಮೂವತ್ತು ಅಧ್ಯಾಯಗಳಿರುತ್ತವೆ. ಅಷ್ಟನ್ನೂ ಓದಿ ನೆನಪಿಟ್ಟುಕೊಳ್ಳುವ ಪುರುಸೊತ್ತು ಕೈಗೂಸಿರುವ ಯಾವ ತಾಯಿ ತಂದೆಗೂ ಇರುವುದಿಲ್ಲ, ಅದರ ಅಗತ್ಯವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕೈಗೆ ರೂಢಿಯಾಗಿರಬೇಕಾದ ಕೆಲಸಗಳು ಮೂರೇ ಮೂರು: ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಹೊರತರುವುದು, ಸುಟ್ಟ ಜಾಗವನ್ನು ನೀರಿನಲ್ಲಿ ತಣಿಸುವುದು, ಉಸಿರು ನಿಂತ ಮಗುವಿಗೆ ಉಸಿರು ಕೊಡುವುದು. ಉಳಿದ ಬಹುಪಾಲು ಸಂದರ್ಭಗಳಲ್ಲಿ ಏನು ಮಾಡಬಾರದು ಎಂಬುದು ಗೊತ್ತಿದ್ದು, ತಡಮಾಡದೆ ಆಸ್ಪತ್ರೆ ಸೇರಿದರೆ ಸಾಕು.

ಎಳ್ಳು ಬೆಲ್ಲದ ಪೊಟ್ಟಣ

ಸಂಕ್ರಾಂತಿಯ ಎಳ್ಳು ಬೆಲ್ಲದ ಪೊಟ್ಟಣವನ್ನೊಮ್ಮೆ ಬಿಚ್ಚಿ ನೋಡಿ. ಹುರಿದ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚಿನ ತುಣುಕು. ಎಳೆಯ ಮಕ್ಕಳಿಗೆ ಏನೇನು ಕೊಡಬಾರದು ಎಂದು ತಜ್ಞರು ಕೂತು ಪಟ್ಟಿ ಮಾಡಿದರೂ ಇದಕ್ಕಿಂತ ಪೂರ್ಣವಾದ ಪಟ್ಟಿ ಸಿಗಲಿಕ್ಕಿಲ್ಲ. ಅದೇ ಸಂಜೆ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆಯ ಮೇಲೆ ಎರೆಯುವ ಸಂಪ್ರದಾಯವೂ ಹಲವು ಮನೆಗಳಲ್ಲಿದೆ. ಉರುಳಿ ಬಿದ್ದದ್ದರಲ್ಲಿ ಒಂದಾದರೂ ಮಗುವಿನ ಬಾಯಿಗೆ ಹೋಗದೆ ಇರುತ್ತದೆಯೇ? ಹಬ್ಬ ಬೇಡ ಎನ್ನುತ್ತಿಲ್ಲ. ಎರೆದ ಮರುಕ್ಷಣ ಹಣ್ಣು, ಕಾಸುಗಳನ್ನು ಬಾಚಿ ತೆಗೆಯಲು ಒಬ್ಬರು ಪಕ್ಕದಲ್ಲೇ ಇರಲಿ, ಎಳ್ಳು ಬೆಲ್ಲವನ್ನು ಕುಟ್ಟಿ ಪುಡಿ ಮಾಡಿ ಕೊಡಿ, ಅಷ್ಟೇ.

ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಬೀಜ, ಅಂದರೆ ಶೇಂಗಾ, ಸದಾ ಮುಂದಿನ ಸಾಲಿನಲ್ಲಿರುತ್ತದೆ. ಕಾರಣ ಸರಳ. ಮಗುವಿಗೆ ಕಚ್ಚುವ ಹಲ್ಲು ಮೊದಲು ಬರುತ್ತದೆ, ಅರೆಯುವ ದವಡೆ ಹಲ್ಲು ಬಹಳ ತಡವಾಗಿ ಬರುತ್ತದೆ. ಹಾಗಾಗಿ ಅದು ಬೀಜವನ್ನು ಎರಡು ಹೋಳು ಮಾಡಬಲ್ಲದು, ನುಣ್ಣಗೆ ಅರೆಯಲಾರದು. ಬಾಯಲ್ಲಿ ಹೋಳಿಟ್ಟುಕೊಂಡು ನಕ್ಕಾಗಲೋ ಓಡಿದಾಗಲೋ ಎಡವಿ ಅತ್ತಾಗಲೋ ಉಸಿರು ಒಳಗೆಳೆಯುವ ರಭಸಕ್ಕೆ ಅದೂ ಒಳಗೆ ಹೋಗುತ್ತದೆ. ಎಳೆಯ ಮಕ್ಕಳ ಶ್ವಾಸನಾಳ ಮೊದಲೇ ಕಿರಿದು. ಅಲ್ಲಿ ತೇವಕ್ಕೆ ಬೀಜ ಉಬ್ಬುತ್ತದೆ, ಅದರ ಎಣ್ಣೆ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ಐದು ವರ್ಷ ತುಂಬುವವರೆಗೆ ಇಡೀ ಕಡಲೆಬೀಜ, ಗೋಡಂಬಿ, ಬಾದಾಮಿ ಬೇಡ. ಚಟ್ನಿಯಾಗಿ, ಪುಡಿಯಾಗಿ ಕೊಡಬಹುದು. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕಾಗಿ ಸೀಳಿ. ಸೀತಾಫಲ, ಕಿತ್ತಳೆಗಳ ಬೀಜ ಬಿಡಿಸಿ. ಅಜ್ಜ ಅಜ್ಜಿಯರ ಎಲೆ ಅಡಿಕೆ ತಟ್ಟೆ ನೆಲದ ಮೇಲಿರುವ ಮನೆಗಳಲ್ಲಿ ಅಡಿಕೆ ಚೂರಿನ ಮೇಲೂ ಒಂದು ಕಣ್ಣಿರಲಿ. ಮಗು ತಿನ್ನುವಾಗ ಕೂತಿರಬೇಕು. ತುತ್ತು ಹಿಡಿದು ಅದರ ಹಿಂದೆ ಅಂಗಳವೆಲ್ಲ ಓಡಾಡಿ ಉಣಿಸುವ ಪದ್ಧತಿ ಎಷ್ಟೇ ಮುದ್ದಾಗಿ ಕಂಡರೂ ಅಪಾಯದ್ದು.

ಈಗ ಸಿಕ್ಕಿಕೊಂಡೇಬಿಟ್ಟಿದೆ ಎಂದುಕೊಳ್ಳಿ. ನಮ್ಮಲ್ಲಿ ನೆತ್ತಿಗೆ ಹತ್ತಿತು ಎನ್ನುತ್ತಾರೆ, ನೆತ್ತಿ ತಟ್ಟುತ್ತಾರೆ, ಊದುತ್ತಾರೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಸಮಾಧಾನ ಹೇಳುತ್ತಾರೆ. ನೆತ್ತಿ ತಟ್ಟುವುದರಿಂದ ಗಂಟಲಲ್ಲಿರುವುದು ಅಲುಗುವುದಿಲ್ಲ. ಮೊದಲು ನೋಡಬೇಕಾದದ್ದು ಒಂದೇ: ಸದ್ದು ಬರುತ್ತಿದೆಯೇ? ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಗಾಳಿ ಓಡಾಡುತ್ತಿದೆ ಎಂದರ್ಥ. ಆಗ ಬೆನ್ನಿಗೆ ಗುದ್ದಬೇಡಿ, ಬಾಯಿಗೆ ಬೆರಳು ಹಾಕಬೇಡಿ, ನೀರು ಕುಡಿಸಬೇಡಿ. ಕೆಮ್ಮಲು ಬಿಡಿ, ಮಗುವಿನ ಕೆಮ್ಮಿನಷ್ಟು ಬಲವಾದ ಉಪಾಯ ನಮ್ಮಲ್ಲಿಲ್ಲ. ಬಾಯಿ ತೆರೆದಿದೆ ಆದರೆ ಸದ್ದಿಲ್ಲ, ಕೆಮ್ಮು ಕ್ಷೀಣಿಸಿದೆ, ತುಟಿ ನೀಲಿಯಾಗುತ್ತಿದೆ ಎಂದಾದರೆ ಮಾತ್ರ ನೀವು ಕೈ ಹಾಕಬೇಕು, ಆಗ ಅರೆಕ್ಷಣವೂ ತಡಮಾಡಬಾರದು.

ಒಂದು ವರ್ಷದೊಳಗಿನ ಕೂಸಾದರೆ ನಿಮ್ಮ ಮುಂಗೈ ಮೇಲೆ ಬೋರಲಾಗಿ ಮಲಗಿಸಿಕೊಳ್ಳಿ. ಅಂಗೈ ಅದರ ದವಡೆಯನ್ನು ಆನಿಸಿ ಹಿಡಿದಿರಲಿ, ಗಂಟಲನ್ನು ಒತ್ತದಿರಲಿ. ತಲೆ ಎದೆಗಿಂತ ಕೆಳಗಿರಲಿ. ಮುಂಗೈಯನ್ನು ನಿಮ್ಮ ತೊಡೆಗೆ ಊರಿಕೊಂಡು, ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ 5 ಸಲ ಬಲವಾಗಿ ಹೊಡೆಯಿರಿ. ಬರಲಿಲ್ಲವೇ? ಅಂಗಾತ ತಿರುಗಿಸಿ, ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗೆ ಸ್ವಲ್ಪ ಕೆಳಗೆ, 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಎದೆ. ವಸ್ತು ಹೊರಬರುವವರೆಗೆ, ಇಲ್ಲವೇ ಮಗು ಅಳುವವರೆಗೆ ಹೀಗೇ ಮುಂದುವರಿಸಿ. ಕೂಸಿನ ಹೊಟ್ಟೆಯನ್ನು ಮಾತ್ರ ಒತ್ತಬಾರದು, ಒಳಗಿನ ಯಕೃತ್ತಿಗೆ ಏಟಾಗುತ್ತದೆ.

ಒಂದು ವರ್ಷ ದಾಟಿದ ಮಗುವಿಗೂ ಮೊದಲು ಬೆನ್ನಿಗೆ 5 ಏಟು, ಮುಂದಕ್ಕೆ ಬಾಗಿಸಿಕೊಂಡು. ಆಮೇಲೆ ಹಿಂದಿನಿಂದ ಮೊಣಕಾಲೂರಿ ತಬ್ಬಿ, ಹೊಕ್ಕುಳಿಗೂ ಎದೆ ಮೂಳೆಯ ತುದಿಗೂ ನಡುವೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಚುರಪಡಿಸಿದ ಈ ಉಪಾಯವನ್ನು ಅಲ್ಲಿ ಬಹುಕಾಲ ಒಂಟಿಯಾಗಿಯೇ ಕಲಿಸುತ್ತಿದ್ದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2025ರ ಮಾರ್ಗಸೂಚಿ ಬೆನ್ನಿನ ಏಟಿನಿಂದಲೇ ಶುರು ಮಾಡಿ ಎನ್ನುತ್ತದೆ. ಹೊಟ್ಟೆ ಜಗ್ಗಿ ವಸ್ತು ಹೊರಬಂದ ಮೇಲೂ ಮಗುವನ್ನು ವೈದ್ಯರಿಗೆ ತೋರಿಸಬೇಕು, ಒಳಗೆ ಪೆಟ್ಟಾಗಿರಬಹುದು. ಮಧ್ಯೆ ಮಗು ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ, ಮುಂದೆ ಹೇಳುವ ಎದೆಯೊತ್ತುವ ಕೆಲಸಕ್ಕಿಳಿಯಿರಿ. ಬಾಯೊಳಗೆ ವಸ್ತು ಕಣ್ಣಿಗೆ ಕಂಡರೆ ಮಾತ್ರ ಬೆರಳಿನಿಂದ ತೆಗೆಯಿರಿ. ಕಾಣದೆ ತಡಕಾಡಿದರೆ ಅದು ಇನ್ನೂ ಆಳಕ್ಕಿಳಿಯುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಕಡಲೆಬೀಜ ತಿನ್ನುತ್ತಿದ್ದ ಮಗು ಒಮ್ಮೆಲೇ ಬಿಕ್ಕಳಿಸಿ ಕೆಮ್ಮಿ, ಐದು ನಿಮಿಷದಲ್ಲಿ ಏನೂ ಆಗದಂತೆ ಆಟಕ್ಕೆ ಮರಳಬಹುದು. ಹೊರಗೇನೂ ಬಿದ್ದಿಲ್ಲ. ಹಾಗಾದರೆ ಬೀಜ ಎಲ್ಲಿ? ಹೊಟ್ಟೆಗೆ ಹೋಗಿರಬಹುದು, ಶ್ವಾಸಕೋಶದ ಒಂದು ಕವಲಿಗೂ ಇಳಿದಿರಬಹುದು. ಅಂಥ ಮಗು ವಾರಗಳ ನಂತರ ಬಿಡದ ಕೆಮ್ಮು, ಒಂದೇ ಕಡೆಯ ಗೊರಗೊರ, ಮತ್ತೆ ಮತ್ತೆ ನ್ಯುಮೋನಿಯಾ ಎಂದು ಆಸ್ಪತ್ರೆಗೆ ಬರುತ್ತದೆ. ಬೀಜ ಎಕ್ಸ್-ರೇಯಲ್ಲಿ ನೇರವಾಗಿ ಕಾಣುವುದೂ ಇಲ್ಲ. ಆದ್ದರಿಂದ ಏನೋ ತಿನ್ನುವಾಗ ಹೀಗೊಂದು ಕೆಮ್ಮಿನ ಪ್ರಸಂಗ ನಡೆದಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಅವರು ಕೇಳದಿದ್ದರೂ.

ಮೂಗಿಗೆ ಮಣಿ, ಹುಣಸೆಬೀಜ ತೂರಿಸಿಕೊಂಡ ಮಕ್ಕಳ ವಿಷಯದಲ್ಲಿ ಒಂದು ಸೊಗಸಾದ ಉಪಾಯವಿದೆ. ತಾಯಿ ಮಗುವಿನ ಬಾಯಿಗೆ ಬಾಯಿಟ್ಟು, ಖಾಲಿ ಇರುವ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ, ಒಮ್ಮೆ ಚುಟುಕಾಗಿ ಊದಬೇಕು. ಗಾಳಿ ಹಿಂದಿನಿಂದ ಬಂದು ವಸ್ತುವನ್ನು ಹೊರಕ್ಕೆ ತಳ್ಳುತ್ತದೆ. ಒಂದೆರಡು ಸಲಕ್ಕೆ ಬರದಿದ್ದರೆ ವೈದ್ಯರಿಗೆ ಬಿಡಿ. ಹೇರ್‌ಪಿನ್ ಬಳಸಬಾರದು. ಕಿವಿಯಲ್ಲಿ ಕಾಳು ಸಿಕ್ಕಿದ್ದರೆ ನೀರು ಹಾಕಬಾರದು, ಉಬ್ಬಿ ಗಟ್ಟಿಯಾಗುತ್ತದೆ.

ಗುಂಡಿ ಸೆಲ್ಲು

ಮಗು ನಾಣ್ಯ ನುಂಗಿದರೆ ಸಾಮಾನ್ಯವಾಗಿ ಅದು ಹೊಟ್ಟೆಗಿಳಿದು ಮಲದಲ್ಲಿ ಹೊರಬರುತ್ತದೆ. ಅನ್ನನಾಳದಲ್ಲಿ ನಿಂತಿಲ್ಲ ಎಂಬುದನ್ನು ಒಂದು ಎಕ್ಸ್-ರೇಯಿಂದ ಖಚಿತಪಡಿಸಿಕೊಂಡರೆ ಆಯಿತು. ಆದರೆ ಕಾರಿನ ಕೀಲಿ, ಸಣ್ಣ ರಿಮೋಟ್, ತೂಕದ ಯಂತ್ರ, ಹಾಡುವ ಆಟಿಕೆಗಳಲ್ಲಿರುವ ನಾಣ್ಯದಾಕಾರದ ಲಿಥಿಯಂ ಸೆಲ್ ಬೇರೆಯೇ ಜಾತಿ. ಹೆಚ್ಚುಕಡಿಮೆ ಒಂದು ರೂಪಾಯಿಯಷ್ಟು, 20 ಮಿಲಿಮೀಟರ್ ಅಗಲದ ಸೆಲ್ ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ತೇವವಾದ ಗೋಡೆಯ ಮೂಲಕ ವಿದ್ಯುತ್ ಹರಿದು, ಸೆಲ್ಲಿನ ಋಣ ಮುಖದ ಬಳಿ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಸೆಲ್ ಒಡೆಯಬೇಕಿಲ್ಲ, ಸೋರಬೇಕಿಲ್ಲ. ಎರಡೇ ಗಂಟೆಯಲ್ಲಿ ಒಳಗೆ ತೀವ್ರ ಸುಟ್ಟ ಗಾಯವಾಗುತ್ತದೆ. ರಿಮೋಟ್ ನಡೆಸಲಾರದಷ್ಟು ಮುಗಿದ ಸೆಲ್ಲಿನಲ್ಲೂ ಇದಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಹಳೆಯ ಸೆಲ್ ತೆಗೆದು ಮೇಜಿನ ಮೇಲಿಡುವ ನಮ್ಮ ಅಭ್ಯಾಸ ಇಲ್ಲಿ ಬಹಳ ದುಬಾರಿಯಾದೀತು.

ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ. ಎಕ್ಸ್-ರೇಯಲ್ಲಿ ಸೆಲ್ಲಿನ ಅಂಚು ಜೋಡಿ ವರ್ತುಲವಾಗಿ ಕಾಣುತ್ತದೆ, ನಾಣ್ಯದ್ದು ಹಾಗಲ್ಲ. ವಾಂತಿ ಮಾಡಿಸಬೇಡಿ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ಅದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಗರಿಷ್ಠ ಆರು ಸಲ. ಅದು ಸೆಲ್ಲಿನ ಸುತ್ತ ಲೇಪವಾಗಿ ಸುಡುವಿಕೆಯನ್ನು ತುಸು ತಡೆಯುತ್ತದೆ. ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬಾರದು. ವರ್ಷದೊಳಗಿನ ಕೂಸಿಗೆ ಜೇನು ಯಾವ ಕಾರಣಕ್ಕೂ ಬೇಡ, ನಾಲಿಗೆಗೆ ಸವರುವ ಶಾಸ್ತ್ರಕ್ಕೂ ಬೇಡ: ಬಾಟ್ಯುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ಕಾಯಿಲೆಯ ಬೀಜಕಣಗಳು ಅದರಲ್ಲಿರಬಹುದು. ಸೆಲ್ಲಿನ ಜೊತೆ ಆಟಿಕೆಯ ಪುಟ್ಟ ಅಯಸ್ಕಾಂತಗಳನ್ನೂ ಇದೇ ಗಂಭೀರತೆಯಿಂದ ನೋಡಿ. ಎರಡು ನುಂಗಿದರೆ ಅವು ಕರುಳಿನ ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ಸುಟ್ಟ ಗಾಯಕ್ಕೆ 20 ನಿಮಿಷ

ಎಳೆಯ ಮಕ್ಕಳು ಬೆಂಕಿಗಿಂತ ಹೆಚ್ಚಾಗಿ ಸುಡಿಸಿಕೊಳ್ಳುವುದು ಬಿಸಿ ದ್ರವದಿಂದ. ಬಚ್ಚಲಲ್ಲಿ ಹಂಡೆಯಿಂದ ತೋಡಿಟ್ಟ ಬಿಸಿನೀರಿನ ಬಕೆಟ್, ನೆಲಕ್ಕೆ ಇಳಿಸಿಟ್ಟ ಸಾರಿನ ಪಾತ್ರೆ, ಮೇಜಿನ ಅಂಚಿನ ಕಾಫಿ ಲೋಟ, ಅದರ ಕೆಳಗೆ ಜೋತಾಡುವ ಮೇಜುಬಟ್ಟೆ. ಶೀತಕ್ಕೆಂದು ಕೊಡುವ ಆವಿಯ ಪಾತ್ರೆಯೂ ಈ ಸಾಲಿಗೆ ಸೇರಬೇಕು. ಪುಟ್ಟ ಮಕ್ಕಳಿಗೆ ಅದರಿಂದ ಆಗುವ ಲಾಭಕ್ಕಿಂತ ಮಗುಚಿಕೊಂಡು ತೊಡೆ ಸುಟ್ಟುಕೊಳ್ಳುವ ಅಪಾಯವೇ ದೊಡ್ಡದು. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವೊಂದನ್ನು ಮನೆಯವರೆಲ್ಲ ಪಾಲಿಸಿದರೆ ಬಚ್ಚಲಿನ ಅರ್ಧ ಅಪಾಯ ತಪ್ಪುತ್ತದೆ. ಗೀಸರ್‌ನ ಉಷ್ಣತೆಯನ್ನು 50 ಡಿಗ್ರಿ ಸೆಲ್ಸಿಯಸ್ ಮೀರದಂತೆ ತಗ್ಗಿಸಿಡಿ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ, ಮಗುವಿನ ಚರ್ಮ ಇನ್ನೂ ತೆಳು. ಬಕೆಟ್‌ನಲ್ಲಿ ಇಳಿಬಿಡುವ ಕಾಯಿಲ್ ಹೀಟರ್ ಅಂತೂ ಎಳೆ ಮಕ್ಕಳ ಮನೆಯಲ್ಲಿ ಇರಲೇಬಾರದು ಎಂಬುದು ನನ್ನ ಖಡಾಖಂಡಿತ ಮಾತು. ಅದರಲ್ಲಿ ಸುಡುವ ನೀರೂ ಇದೆ, ವಿದ್ಯುತ್ತೂ ಇದೆ.

ಸುಟ್ಟ ಕೂಡಲೇ ಮಾಡಬೇಕಾದದ್ದು: ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ, ಪೂರ್ತಿ 20 ನಿಮಿಷ. ಇದು ಗಡಿಯಾರ ನೋಡಿ ಲೆಕ್ಕಹಾಕಬೇಕಾದ 20 ನಿಮಿಷ. ಅಳುವ ಮಗುವಿನೊಂದಿಗೆ ಮೂರು ನಿಮಿಷವೇ ಅರ್ಧ ಗಂಟೆಯಂತೆ ತೋರುತ್ತದೆ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಡ್ರಮ್ಮಿನಿಂದ ಚೊಂಬಿನಲ್ಲಿ ಹೊಯ್ಯುತ್ತಿರಿ. ಬೆಂಕಿ ಆರಿದ ಮೇಲೂ ಚರ್ಮದ ಆಳದಲ್ಲಿ ಶಾಖ ಕೆಲಸ ಮಾಡುತ್ತಲೇ ಇರುತ್ತದೆ, ನೀರು ಆ ಶಾಖವನ್ನು ಎಳೆದುಕೊಂಡು ಗಾಯ ಆಳಕ್ಕಿಳಿಯದಂತೆ ತಡೆಯುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಪ್ರಯೋಜನವಿದೆ. ಊತ ಬರುವ ಮೊದಲೇ ಬಳೆ, ಕಾಲ್ಗೆಜ್ಜೆ, ಉಡುದಾರ ತೆಗೆಯಿರಿ. ಒದ್ದೆ ಬಟ್ಟೆ ಬಿಚ್ಚಿ, ಆದರೆ ಚರ್ಮಕ್ಕೆ ಅಂಟಿಕೊಂಡದ್ದನ್ನು ಕೀಳಬೇಡಿ. ಗಾಯ ತಣಿಯುವಾಗ ಮಗುವಿನ ಉಳಿದ ಮೈ ಬೆಚ್ಚಗಿರಲಿ, ಕೂಸುಗಳು ಬೇಗ ತಣ್ಣಗಾಗುತ್ತವೆ. ಆಮೇಲೆ ಸ್ವಚ್ಛವಾದ, ನೂಲು ಬಿಡದ ಹತ್ತಿ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ.

ಟೂತ್‌ಪೇಸ್ಟ್, ಶಾಯಿ, ಅರಿಶಿನ, ತುಪ್ಪ, ಕಾಫಿಪುಡಿ, ದೋಸೆ ಹಿಟ್ಟು: ಇವೆಲ್ಲ ನಮ್ಮ ಮನೆಗಳ ಸುಟ್ಟ ಗಾಯದ ಔಷಧಿಗಳು. ಶಾಖ ಹೊರಹೋಗದಂತೆ ಮೆತ್ತಿಕೊಳ್ಳುವುದು, ಸೋಂಕಿಗೆ ದಾರಿ ಮಾಡುವುದು, ಗಾಯ ಎಷ್ಟು ಆಳ ಎಂಬುದನ್ನು ವೈದ್ಯರಿಂದ ಮರೆಮಾಚುವುದು, ಕೊನೆಗೆ ಅವರು ಅದನ್ನು ಉಜ್ಜಿ ತೆಗೆಯುವಾಗ ಮಗುವಿಗೆ ಮತ್ತೊಮ್ಮೆ ನೋವು ಕೊಡುವುದು, ಇಷ್ಟೇ ಇವುಗಳ ಸಾಧನೆ. ಮಂಜುಗಡ್ಡೆಯೂ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಹೆಚ್ಚಿಸುತ್ತದೆ. ಬೊಬ್ಬೆ ಒಡೆಯಬೇಡಿ. ಬೆರಳುಗಳೂ ಸೇರಿದಂತೆ ಮಗುವಿನ ಅಂಗೈ ಅದರ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಅದಕ್ಕಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಗಾಯ, ವಿದ್ಯುತ್ತಿನಿಂದ ಆದದ್ದು, ಇವೆಲ್ಲ ಆಸ್ಪತ್ರೆಗೆ ಹೋಗಲೇಬೇಕಾದವು. ಹತ್ತು ಅಂಗೈಯಷ್ಟು ಸುಟ್ಟಿದ್ದರೆ ಮಗುವಿಗೆ ಡ್ರಿಪ್ ಬೇಕಾಗುತ್ತದೆ, ಒಂದು ಗಂಟೆಯೂ ಕಾಯುವಂತಿಲ್ಲ.

ಬಾಟಲಿ ಮತ್ತು ದೇವರ ಗೂಡು

ವಿಷಪ್ರಾಶನದ ವಿಷಯದಲ್ಲಿ ನಾವು ಬಿಡಬೇಕಾದ ಒಂದೇ ಒಂದು ಅಭ್ಯಾಸವನ್ನು ಆರಿಸು ಎಂದರೆ, ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಸೀಮೆಎಣ್ಣೆ, ಫಿನಾಯಿಲ್, ಟರ್ಪೆಂಟೈನ್, ಕಳೆನಾಶಕ ತುಂಬಿಡುವುದನ್ನು ಆರಿಸುತ್ತೇನೆ. ಎರಡು ವರ್ಷದ ಮಗು ಲೇಬಲ್ ಓದುವುದಿಲ್ಲ, ಬಾಟಲಿಯ ಆಕಾರ ಗುರುತಿಸುತ್ತದೆ. ಸೀಮೆಎಣ್ಣೆ ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ ಶ್ವಾಸಕೋಶದಲ್ಲಿ ಮಾಡುವ ಹಾನಿ ಬಹಳ ಹೆಚ್ಚು. ತೆಳ್ಳಗಿನ ದ್ರವವಾದ್ದರಿಂದ ನುಂಗುವಾಗಲೇ ಸ್ವಲ್ಪ ಶ್ವಾಸನಾಳಕ್ಕೆ ಜಾರುತ್ತದೆ. ವಾಂತಿ ಮಾಡಿಸಿದರೆ ಅದಕ್ಕೆ ಎರಡನೆಯ ಅವಕಾಶ ಕೊಟ್ಟಂತೆ. ಶೌಚಾಲಯ ತೊಳೆಯುವ ಆ್ಯಸಿಡ್ ಆದರೆ, ಇಳಿಯುವಾಗ ಸುಟ್ಟ ಅನ್ನನಾಳವನ್ನು ಏರುವಾಗ ಮತ್ತೊಮ್ಮೆ ಸುಡುತ್ತದೆ. ಆದ್ದರಿಂದ ಏನೇ ಕುಡಿದಿರಲಿ, ಮನೆಯಲ್ಲಿ ವಾಂತಿ ಮಾಡಿಸುವುದು ಬೇಡ. ಉಪ್ಪುನೀರು, ಹುಣಸೆಹುಳಿ, ಮೊಟ್ಟೆಯ ಬಿಳಿಭಾಗ ಯಾವುದೂ ಬೇಡ. ಬಾಯಿ ಒರೆಸಿ, ಬಟ್ಟೆಗೆ ಚೆಲ್ಲಿದ್ದರೆ ಬಿಚ್ಚಿ ಮೈ ತೊಳೆದು, ಕುಡಿದ ಬಾಟಲಿಯನ್ನು ಜೊತೆಗೇ ಹಿಡಿದು ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ದಿನದ 24 ಗಂಟೆಯೂ 1800 116 117 ಎಂಬ ಉಚಿತ ಸಂಖ್ಯೆಯಲ್ಲಿ ಸಲಹೆ ಕೊಡುತ್ತದೆ, ನಿಮ್ಮೂರಿನ ವೈದ್ಯರೂ ಅದನ್ನು ಬಳಸಬಹುದು.

ದೇವರ ಗೂಡಿನ ಕರ್ಪೂರವನ್ನು ಯಾರೂ ವಿಷವೆಂದು ಎಣಿಸುವುದಿಲ್ಲ. ಬೆಳ್ಳಗೆ, ಸಕ್ಕರೆ ಬಿಲ್ಲೆಯ ಹಾಗೆ ಇರುವ ಅದನ್ನು ನುಂಗಿದ ಮಗುವಿಗೆ ನಿಮಿಷಗಳಲ್ಲೇ ಫಿಟ್ಸ್ ಶುರುವಾಗಬಹುದು. ಪುಟ್ಟ ಮಕ್ಕಳಲ್ಲಿ ಒಂದು ಗ್ರಾಂನಷ್ಟೇ ಜೀವಕ್ಕೆ ಎರವಾದದ್ದುಂಟು. ಶೀತಕ್ಕೆಂದು ಕರ್ಪೂರ ಕಾಸಿದ ಎಣ್ಣೆ ಎದೆಗೆ ತಿಕ್ಕುವುದು, ಬಟ್ಟೆಯಲ್ಲಿ ಕಟ್ಟಿ ಕೂಸಿನ ಕೊರಳಿಗೆ ಹಾಕುವುದು ಇನ್ನೂ ನಡೆದಿದೆ, ಅದನ್ನು ನಿಲ್ಲಿಸಬೇಕು. ನೀಲಗಿರಿ ಎಣ್ಣೆಯೂ ಇದೇ ಬಗೆಯದು. ಬೀರುವಿನ ನ್ಯಾಫ್ತಲೀನ್ ಗುಳಿಗೆ ಕೆಲವು ಮಕ್ಕಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಳದಿ ರಂಜಕವಿರುವ ಇಲಿ ಪಾಷಾಣದ ಪೇಸ್ಟ್ ಎಲ್ಲಕ್ಕಿಂತ ಮೋಸದ್ದು: ತಿಂದ ಮಗು ಒಂದೆರಡು ದಿನ ಆರಾಮಾಗಿಯೇ ಇದ್ದು, ಆಮೇಲೆ ಯಕೃತ್ತು ಕೈಕೊಡುತ್ತದೆ. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಮನೆಯಲ್ಲಿ ಕೂರಬಾರದು.

ಜ್ವರ, ಫಿಟ್ಸ್ ಮತ್ತು ಚಮಚದ ಲೆಕ್ಕ

ಮನೆಯಲ್ಲಿ ಅತಿ ಸುಲಭವಾಗಿ ಆಗುವ ಔಷಧ ದೋಷ ಪ್ಯಾರಾಸಿಟಮಾಲ್‌ದು. ಒಂದೇ ಔಷಧ ನಮ್ಮ ಅಂಗಡಿಗಳಲ್ಲಿ ಮೂರು ಸಾಂದ್ರತೆಯಲ್ಲಿ ಸಿಗುತ್ತದೆ. ಹನಿ ಔಷಧಿಯ 1 ಮಿ.ಲೀ.ನಲ್ಲಿ 100 ಮಿಲಿಗ್ರಾಂ, ಒಂದು ಸಿರಪ್ಪಿನ 5 ಮಿ.ಲೀ.ನಲ್ಲಿ 120, ಇನ್ನೊಂದರ 5 ಮಿ.ಲೀ.ನಲ್ಲಿ 250. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಒಂದು ಸಲದ ಪ್ರಮಾಣ. ಹಾಗಾದರೆ 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಕೊಡಬೇಕೆಂದರೆ ಹನಿಯಲ್ಲಿ ಒಂದೂವರೆ ಮಿ.ಲೀ., ಮೊದಲ ಸಿರಪ್ಪಿನಲ್ಲಿ ಆರಕ್ಕಿಂತ ತುಸು ಹೆಚ್ಚು, ಎರಡನೆಯದರಲ್ಲಿ ಮೂರು. ಸಿರಪ್ಪಿನ ಲೆಕ್ಕದಲ್ಲಿ ಹನಿ ಔಷಧಿಯನ್ನು ಒಂದು ಚಮಚ ಕುಡಿಸಿದರೆ ಅದು 500 ಮಿಲಿಗ್ರಾಂ! ಬಾಟಲಿ ಮುಗಿದು ಹೊಸದು ತಂದಾಗಲೆಲ್ಲ ಲೇಬಲ್ ಮೇಲಿನ ಸಂಖ್ಯೆ ಹಳೆಯದೇ ಹೌದೇ ಎಂದು ನೋಡಿ. ಅಡುಗೆಮನೆಯ ಚಮಚ ಬಿಟ್ಟು, ಔಷಧಿಯ ಜೊತೆ ಬಂದ ಅಳತೆ ಬಳಸಿ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಿರಲಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದೂ ಬೇಡ, ಹನಿಯೂ ಬೇಡ, ನೇರ ವೈದ್ಯರ ಬಳಿ ಹೋಗಿ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೋಡಲು ಭಯಂಕರ, ಬಹುತೇಕ ಕೆಲವು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ, ಮೆದುಳಿಗೆ ಶಾಶ್ವತ ಹಾನಿಯಾಗುವುದಿಲ್ಲ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ, ಹಲ್ಲಿನ ನಡುವೆ ಚಮಚ ಇಡಬೇಡಿ, ಔಷಧಿ ಹುಯ್ಯಬೇಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಮಗುವಿಗೆ ಉಪಯೋಗವಿಲ್ಲದ ಕೆಲಸ; ಫಿಟ್ಸ್ ಹೇಗೂ ನಿಲ್ಲುವ ಹೊತ್ತಿಗೆ ಅವು ಹೆಸರು ಗಳಿಸಿಕೊಂಡಿವೆ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಮತ್ತೆ ಮರುಕಳಿಸಿದರೆ, ಎಚ್ಚರವಾಗದಿದ್ದರೆ ತುರ್ತು. ಮೊದಲ ಸಲ ಬಂದದ್ದಾದರೆ ನಿಂತ ಮೇಲೂ ಅಂದೇ ತೋರಿಸಿ.

ನೀರು, ಮತ್ತು ನಿಂತ ಉಸಿರು

ನಡೆಯಲು ಕಲಿತ ಮಗುವಿಗೆ ತಲೆಯೇ ಭಾರ. ಅರ್ಧ ಬಕೆಟ್ ನೀರಿನಲ್ಲಿ ಇಣುಕಿ ತಲೆಕೆಳಗಾದರೆ ಎದ್ದುಕೊಳ್ಳಲಾರದು, ಕೂಗಲೂ ಆರದು. ಮುಳುಗುವುದು ನಿಶ್ಶಬ್ದವಾಗಿಯೇ ನಡೆಯುತ್ತದೆ. ಬಳಸಿದ ಮೇಲೆ ಬಕೆಟ್ ಬೋರಲು ಹಾಕಿ. ಊರುಗಳ ಮನೆಯಂಗಳದ ಸಂಪಿನ ಮುಚ್ಚಳಕ್ಕೆ ಬೀಗವಿರಲಿ, ಟ್ಯಾಂಕರ್ ಬಂದು ಹೋದ ಮೇಲೆ ಮತ್ತೊಮ್ಮೆ ನೋಡಿ. ಹೊಲದ ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸು ಜಾರುತ್ತದೆ, ಬಿದ್ದ ದೊಡ್ಡವರೂ ಹತ್ತಿ ಬರಲಾರರು. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಹಗ್ಗ ಎರಡೂ ಬೇಕು.

ನೀರಿನಿಂದ ಎತ್ತಿದ ಮಗುವನ್ನು ಕಾಲು ಹಿಡಿದು ತಲೆಕೆಳಗೆ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಾವು ಎಲ್ಲೆಲ್ಲೂ ಕಾಣುವ ದೃಶ್ಯ. ಹೊಟ್ಟೆಯ ನೀರು ಮಗುವನ್ನು ಕೊಲ್ಲುವುದಿಲ್ಲ, ಗಾಳಿಯಿಲ್ಲದ ನಿಮಿಷಗಳು ಕೊಲ್ಲುತ್ತವೆ. ಕರೆದರೆ ಓಗೊಡುತ್ತಿಲ್ಲ, ಎದೆ ಏಳುತ್ತಿಲ್ಲ ಎಂದಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. 112ಕ್ಕೋ 108ಕ್ಕೋ ಕರೆ ಮಾಡಿ ಮೊಬೈಲನ್ನು ಸ್ಪೀಕರ್‌ನಲ್ಲಿಟ್ಟು ಪಕ್ಕಕ್ಕಿಡಿ. ಗದ್ದ ತುಸು ಎತ್ತಿ, ಕೂಸಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ದೊಡ್ಡ ಮಗುವಾದರೆ ಮೂಗು ಹಿಡಿದು, ಎದೆ ಏಳುವಷ್ಟು ಮಾತ್ರ 5 ಸಲ ಊದಿ. ಆಮೇಲೆ ಎದೆಯ ನಡುವೆ, ಎದೆ ಮೂಳೆಯ ಕೆಳ ಅರ್ಧದ ಮೇಲೆ, ಅಂಗೈಯ ಬುಡದಿಂದ 30 ಸಲ ಒತ್ತಿ. ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ, ಅಂದರೆ ಕೂಸಿಗೆ ಸುಮಾರು 4, ಮಗುವಿಗೆ 5 ಸೆಂಟಿಮೀಟರ್. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ 2 ಉಸಿರು, 30 ಒತ್ತು. ನೆರವು ಬರುವವರೆಗೆ ಬಿಡಬೇಡಿ. ಪಕ್ಕೆಲುಬು ಮುರಿದೀತೆಂದು ಮೆಲ್ಲಗೆ ಒತ್ತುವುದರಲ್ಲಿ ಅರ್ಥವಿಲ್ಲ. ವಿದ್ಯುತ್ ತಗುಲಿದ ಮಗುವಾದರೆ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ.

ಬಿದ್ದದ್ದು, ಕಚ್ಚಿದ್ದು

ಮಂಚದಿಂದ ಬಿದ್ದು ಹಣೆ ಬುಗುಟೆದ್ದ ಮಗು ಕೂಡಲೇ ಅತ್ತು, ಸಮಾಧಾನವಾಗಿ, ಮೊದಲಿನಂತೆ ಆಡಿದರೆ ಹೆದರಬೇಕಿಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಾಕು. ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತವೋ ನೀರೋ ಕಂಡರೆ ಆಸ್ಪತ್ರೆ. ಚಕ್ರದ ವಾಕರ್ ಕೊಳ್ಳಬೇಡಿ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲಿನಿಂದ ಬೇಗ ಉರುಳುತ್ತದೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಇನ್ನು ಬೈಕ್: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ, ಇದು 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿ 2023ರಿಂದ ಜಾರಿಯಲ್ಲಿರುವ ನಿಯಮ. ಟ್ಯಾಂಕಿನ ಮೇಲೆ ಕೂತ ಮಕ್ಕಳನ್ನು ನೋಡಿದರೆ ಇಂಥದ್ದೊಂದಿದೆ ಎಂದು ನಂಬುವುದು ಕಷ್ಟ.

ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬೇಡಿ. ಅಂದೇ ಲಸಿಕೆ ಶುರುವಾಗಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೇಳಿ ಪಡೆಯಿರಿ. ಬೈಯುತ್ತಾರೆಂದು ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತವೆ, ಆದ್ದರಿಂದ ಈ ಒಂದು ವಿಷಯಕ್ಕೆ ಬೈಯುವುದಿಲ್ಲ ಎಂದು ಮೊದಲೇ ಹೇಳಿಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿಯಿಲ್ಲ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಎಲ್ಲವೂ ಕಾಲಹರಣ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಟ್ಟಿ ಕಟ್ಟಿ, ಮಗುವನ್ನು ನಡೆಸದೆ ಎತ್ತಿಕೊಂಡು, ವಿಷನಿರೋಧಕ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹಿಡಿದು ತರುವುದು ಬೇಡ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಔಷಧಿ ಒಂದೇ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು, ಏಕೆಂದರೆ ಹಾವು ಬಿಟ್ಟ ವಿಷ ಅಷ್ಟೇ. ನೆಲದ ಮೇಲೆ ಮಲಗಿದ್ದ ಮಗು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದರೆ, ಗಾಯ ಕಾಣದಿದ್ದರೂ ಕಟ್ಟುಹಾವನ್ನು ಸಂಶಯಿಸಿ. ಅದರ ಕಡಿತ ಹಲವು ಸಲ ನೋಯುವುದೇ ಇಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣವಾಗಿಸಿದೆ.

ಓದಿ ತಿಳಿದದ್ದು ಗಾಬರಿಯಲ್ಲಿ ಕೈಗೆ ಬರುವುದಿಲ್ಲ. ಇಂಡಿಯನ್ ರೆಡ್ ಕ್ರಾಸ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸಾ ತರಬೇತಿ ನಡೆಸುತ್ತವೆ, ಅಲ್ಲಿ ಬೊಂಬೆಯ ಎದೆ ಒತ್ತಿ ಕಲಿಯಬಹುದು. ಹಗಲು ಮಗುವನ್ನು ನೋಡಿಕೊಳ್ಳುವ ಅಜ್ಜಿಯೋ ಆಯಾವೋ ಇದ್ದರೆ ಮೊದಲು ಕಳುಹಿಸಬೇಕಾದದ್ದು ಅವರನ್ನು. ಅವರಿಗೆ ಹೋಗಲಾಗದಿದ್ದರೆ ನೀವು ಕಲಿತು ಬಂದು, ದಿಂಬಿನ ಮೇಲೆ ತೋರಿಸಿ, ಅವರಿಂದಲೂ ಮಾಡಿಸಿ ನೋಡಿ. ಮನೆಯ ಪೂರ್ತಿ ವಿಳಾಸ, ಹತ್ತಿರದ ಗುರುತು, ಮಗುವಿನ ತೂಕ, 112 ಮತ್ತು 108 ಬರೆದ ಚೀಟಿಯೊಂದು ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ಕರೆ ಸ್ವೀಕರಿಸಿದವರು ಮೊದಲು ಕೇಳುವುದು ವಿಳಾಸವನ್ನೇ.